ಫಿಲಿಪೀನ್ಸ್ ಪಾಪ್ ವಿಡಿಯೋಗಳಲ್ಲಿ 'ಏಡಿ ಬುದ್ಧಿ': ಏಡಿ ಎಲ್ಲೂ ಕಾಣಿಸಲ್ಲ ಯಾಕೆ?

ಕಡಲಕೇಳುಗ
ಎಲ್ಲರಿಗೂ ನಮಸ್ಕಾರ. ಕೊರಿಯಾ ಪಾಪ್ ಬಗ್ಗೆ ಇಲ್ಲಿ ಬೇಕಾದಷ್ಟು ಚರ್ಚೆ ಆಗಿದೆ. ಫಿಲಿಪೀನ್ಸ್ ಪಾಪ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಈಚೆಗೆ ನಾನು ಎಸ್‌ಬಿ19, ಬಿನಿ, ಅಲಾಮತ್ ಈ ಮೂರು ಗುಂಪುಗಳನ್ನು ತುಂಬಾ ಕೇಳುತ್ತಿದ್ದೇನೆ. ವಿಡಿಯೋ ಕೆಳಗಿನ ಕಾಮೆಂಟ್ ಓದಿದರೆ ಒಂದು ಮಾತು ಪದೇ ಪದೇ ಸಿಗುತ್ತದೆ: ಕ್ರಾಬ್ ಮೆಂಟಾಲಿಟಿ, ಅಂದರೆ ಏಡಿ ಬುದ್ಧಿ. ಅಲ್ಲಿಯವರು 'ಉತಾಕ್ ತಲಾಂಕಾ' ಅಂತಲೂ ಬೈಯುತ್ತಾರೆ. ತಲಾಂಕಾ ಅಂದರೆ ಅಲ್ಲಿನ ಸಣ್ಣ ಜಾತಿಯ ಏಡಿ. ಬಕೆಟ್‌ನಿಂದ ಒಂದು ಹತ್ತಿ ಹೊರಟರೆ ಉಳಿದವು ಕಾಲು ಹಿಡಿದು ಎಳೆಯುತ್ತವೆ ಅನ್ನುವ ಕಥೆ ನಿಮಗೆ ಗೊತ್ತೇ ಇದೆ.

ನನ್ನ ಪ್ರಶ್ನೆ ಇದು. ಇಡೀ ದೇಶ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತು ಇದು. ಅದು ಅವರ ವಿಡಿಯೋಗಳಲ್ಲಿ ಹೇಗೆ ಬರುತ್ತದೆ? ನಾನು ನೋಡಿದ್ದರಲ್ಲಿ ಏಡಿಯ ಚಿತ್ರ ಸಿಗಲಿಲ್ಲ. ಸಿಕ್ಕಿದ್ದು ಮೇಲೇರುವ ಮಾತು, ಬಾವುಟ, ಚಿನ್ನ, ಚಂದ್ರ. ಇವೆಲ್ಲಾ ಆ ಏಡಿಗೆ ಕೊಟ್ಟ ಉತ್ತರ ಅಂತ ನನಗೆ ಅನಿಸುತ್ತದೆ. ನಿಮಗೆ?

ಬಸವನಗುಡಿ_ಬೀಟ್
ಇದೇ ಕಥೆ ನಮ್ಮಲ್ಲೂ ಇದೆ ಅಲ್ವಾ. ಭಾರತದ ಏಡಿ ತುಂಬಿದ ಡಬ್ಬಕ್ಕೆ ಮುಚ್ಚಳ ಬೇಡ ಅಂತ. ಶಾಲೆಯಲ್ಲಿ ಭಾಷಣ ಮಾಡಲು ಬಂದವರೆಲ್ಲಾ ಹೇಳುತ್ತಿದ್ದರು.

ದಾವಾವ್_ಡೈರಿ
ನಾನು ಡಾಕ್ಟರಿ ಓದಿದ್ದು ಫಿಲಿಪೀನ್ಸ್‌ನ ದಾವಾವ್ ನಗರದಲ್ಲಿ. ಅಲ್ಲಿ ಕರ್ನಾಟಕ, ಆಂಧ್ರ, ತಮಿಳುನಾಡಿನ ಹುಡುಗ ಹುಡುಗಿಯರು ತುಂಬಾ ಇದ್ದಾರೆ. ಹಾಗಾಗಿ ಈ ಮಾತನ್ನು ದಿನಾ ಕೇಳಿದ್ದೇನೆ. ಪಕ್ಕದ ಮನೆಯವರು ಬೈಕ್ ಕೊಂಡರೆ ಯಾರಾದರೂ ಮುಖ ಗಂಟು ಹಾಕುತ್ತಾರೆ. ಕೂಡಲೇ ಇನ್ನೊಬ್ಬರು 'ತಲಾಂಕಾ' ಅನ್ನುತ್ತಾರೆ. ತರಗತಿಯಲ್ಲಿ ಯಾರಾದರೂ ಚೆನ್ನಾಗಿ ಉತ್ತರ ಕೊಟ್ಟರೆ ಹಿಂದಿನ ಬೆಂಚಿನಿಂದ 'ಸರಿ, ನೀನೇ ಜಾಣ ಬಿಡು' ಅನ್ನುವ ಧಾಟಿಯಲ್ಲಿ ಒಂದು ಮಾತು ಬರುತ್ತದೆ. ಅದನ್ನೂ ಏಡಿ ಬುದ್ಧಿ ಲೆಕ್ಕಕ್ಕೇ ಹಾಕುತ್ತಾರೆ.

ಎಸ್‌ಬಿ19 ಮೇಲೆ ಬಿದ್ದಿದ್ದೂ ಅದೇ. ಮೇಕಪ್ ಹಾಕಿಕೊಂಡು ಕುಣಿಯುತ್ತಾರೆ, ಇವರು ಗಂಡಸರಾ ಅಂತ ಕೇಳಿದರು. ಕೊರಿಯಾದವರ ನಕಲು ಅಂದರು. ಹೊರಗಿನವರಲ್ಲ, ಸ್ವಂತ ಊರಿನವರು. 2022ರ 'ಬಜಿಂಗಾ' ವಿಡಿಯೋ ನೋಡುವ ಮುಂಚೆ ಇಷ್ಟು ತಿಳಿದಿರಬೇಕು. ಆ ಹಾಡು ಹಿಡಿದುಕೊಂಡಿರುವುದೇ ಈ ಹೀಯಾಳಿಸುವವರನ್ನು. ಅದೇ ಹಾಡು ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಹಾಟ್ ಟ್ರೆಂಡಿಂಗ್ ಪಟ್ಟಿಯಲ್ಲಿ 7 ವಾರ ಮೊದಲ ಸ್ಥಾನದಲ್ಲಿ ಕೂತಿತ್ತು. ನನಗೆ ಅದು ತುಂಬಾ ಖುಷಿ ಕೊಟ್ಟ ಸಂಗತಿ.

ರಾಗಿಮುದ್ದೆ
ಅವರು ಬಂದಿದ್ದೇ 'ಗೋ ಅಪ್' ಹಾಡಿನಿಂದ. ಮೊದಲ ಹಾಡೇ ಹಿಟ್. ಎಲ್ಲಿಯ ಕಷ್ಟ?

ದಾವಾವ್_ಡೈರಿ
@ರಾಗಿಮುದ್ದೆ ಅಲ್ಲ. ಮೊದಲ ಹಾಡು 'ತಿಲಾಲುಹಾ', ಅಕ್ಟೋಬರ್ 2018. ಅದನ್ನು ಹೆಚ್ಚು ಜನ ಕೇಳಲೇ ಇಲ್ಲ. 'ಗೋ ಅಪ್' ಬಂದಿದ್ದು ಜುಲೈ 2019ರಲ್ಲಿ. ಅದೂ ಓಡದಿದ್ದರೆ ಗುಂಪು ಮುಚ್ಚೋಣ ಅಂತ ಮಾತಾಡಿಕೊಂಡಿದ್ದರು. ಸೆಪ್ಟೆಂಬರ್‌ನಲ್ಲಿ ಅವರ ಡ್ಯಾನ್ಸ್ ಪ್ರಾಕ್ಟೀಸ್ ತುಣುಕೊಂದನ್ನು ಅಭಿಮಾನಿಯೊಬ್ಬರು ಟ್ವಿಟರ್‌ನಲ್ಲಿ ಹಾಕಿದರು. ಅದು ಹಬ್ಬಿತು. ಅಲ್ಲಿಂದ ಶುರು. ಅಂದರೆ ಅವರನ್ನು ಮೇಲೆ ಎತ್ತಿದ್ದು ಯಾವ ದೊಡ್ಡ ಕಂಪನಿಯೂ ಅಲ್ಲ, ಒಬ್ಬ ಸಾಮಾನ್ಯ ಪ್ರೇಕ್ಷಕ. ಏಡಿ ಕಥೆಯಲ್ಲಿ ಇದಕ್ಕೆ ಜಾಗವೇ ಇಲ್ಲ ನೋಡಿ.

ಹೊಳೆದಂಡೆ
ಹೌದು. ಆಗ ಅವರು ಹಾಡುತ್ತಿದ್ದದ್ದು ಮೇಲೇರುವ ಬಗ್ಗೆ, ಆದರೆ ಕೈಯಲ್ಲಿ ಏನೂ ಇರಲಿಲ್ಲ. ಅದಕ್ಕೇ ಆ ಹಾಡು ಜಂಬದ ಥರ ಕೇಳಿಸುವುದಿಲ್ಲ.

ಮೀನುಮಾರ್ಕೆಟ್_ಮಂಗಳೂರು
ಚರ್ಚೆ ತಪ್ಪಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ತಲಾಂಕಾ ತಿನ್ನಲು ಚೆನ್ನಾಗಿರುತ್ತದಾ?

ದಾವಾವ್_ಡೈರಿ
ಏಡಿ ಸಣ್ಣದು, ಮಾಂಸ ಕಡಿಮೆ. ಅವರು ತೆಗೆಯುವುದು ಒಳಗಿನ ಕೊಬ್ಬು ಮತ್ತು ಮೊಟ್ಟೆ. ಬೆಳ್ಳುಳ್ಳಿ ಜೊತೆ ಹುರಿದು ಬಾಟಲಿ ತುಂಬುತ್ತಾರೆ. ಕಿತ್ತಳೆ ಬಣ್ಣ. ಪಂಪಾಂಗಾ ಕಡೆಯದು ಹೆಸರುವಾಸಿ. ಬಿಸಿ ಅನ್ನಕ್ಕೆ ಕಲಸಿ, ಕಲಮಾನ್ಸಿ ಅನ್ನುವ ಪುಟ್ಟ ನಿಂಬೆ ಹಿಂಡಿ ತಿನ್ನಬೇಕು. ಕೊಲೆಸ್ಟರಾಲ್ ಜಾಸ್ತಿ, ಡಾಕ್ಟರಾಗಿ ಅದನ್ನೂ ಹೇಳಿಬಿಡುತ್ತೇನೆ.

ಮೀನುಮಾರ್ಕೆಟ್_ಮಂಗಳೂರು
ಬಾಯಲ್ಲಿ ನೀರು ಬಂತು. ಇನ್ನೊಂದು ಮಾತು. ಏಡಿ ಬುಟ್ಟಿಗಳ ಮಧ್ಯೆಯೇ ಬೆಳೆದವನು ನಾನು. ಏಡಿ ಬೇರೆ ಏಡಿಯನ್ನು ಬೇಕಂತ ಎಳೆಯುವುದಿಲ್ಲ. ಅದಕ್ಕೆ ಹಿಡಿದುಕೊಳ್ಳಲು ಏನಾದರೂ ಬೇಕು. ಬಂಡೆ ಸಿಕ್ಕರೆ ಬಂಡೆ, ಬೇರು ಸಿಕ್ಕರೆ ಬೇರು. ನೀವು ತಂದು ನುಣ್ಣಗಿನ ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿದರೆ ಪಕ್ಕದ ಏಡಿಯ ಕಾಲು ಬಿಟ್ಟು ಬೇರೇನೂ ಸಿಗುವುದಿಲ್ಲ. ಅದನ್ನು ಹೊಟ್ಟೆಕಿಚ್ಚು ಅಂತ ಕರೆದಿದ್ದು ಬಕೆಟ್ ಹಿಡಿದಿರುವ ಮನುಷ್ಯ.

ಕಡಲಕೇಳುಗ
ಈ ಕಡೆಯಿಂದ ಯೋಚನೆ ಮಾಡಿದರೆ ವಿಡಿಯೋಗಳನ್ನು ಬೇರೆ ಥರ ನೋಡಬೇಕಾಗುತ್ತದೆ. ಏಡಿಯನ್ನು ಬಿಟ್ಟು ಬಕೆಟ್ ಹುಡುಕಬೇಕು.

ಮಾತಿನಮಲ್ಲಿ
ಬಕೆಟ್ ಹುಡುಕುವುದಾದರೆ ಗ್ಲಾಕ್-9 ಅವರ 'ಸಿರೇನಾ' ಬಿಟ್ಟು ಬೇರೆ ಕಡೆ ಹೋಗುವುದೇ ಬೇಡ. 2012ರ ರ‍್ಯಾಪ್ ಹಾಡು, ಜೊತೆಗೆ ಎಬೆ ದಾನ್ಸೆಲ್ ಅವರ ದನಿ. ಹೆಣ್ಣಿನ ಹಾಗೆ ನಡೆದುಕೊಳ್ಳುವ ಒಬ್ಬ ಹುಡುಗ. ಅವನನ್ನು 'ಸರಿ' ಮಾಡಬೇಕು ಅಂತ ಅಪ್ಪ ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸುತ್ತಾನೆ. ಹುಡುಗ ಉಸಿರು ಹಿಡಿಯುವುದನ್ನು ಕಲಿಯುತ್ತಾನೆ. ತಾನು ಮತ್ಸ್ಯಕನ್ಯೆ ಅಂದುಕೊಳ್ಳುತ್ತಾನೆ. ಯಾರು ಏನೇ ಅಂದರೂ ತಾನು ಚೆಂದ ಅನ್ನುತ್ತಾನೆ.

ಏಡಿ ಕಥೆಯನ್ನು ಪಕ್ಕದಲ್ಲಿ ಇಟ್ಟು ನೋಡಿ. ಅಲ್ಲಿಯೂ ಪಾತ್ರೆ, ಇಲ್ಲಿಯೂ ಪಾತ್ರೆ. ಆದರೆ ಇಲ್ಲಿ ಕೆಳಗೆ ಒತ್ತುತ್ತಿರುವ ಕೈ ಪಾತ್ರೆಯ ಒಳಗಿನದಲ್ಲ. ಹೊರಗೆ ನಿಂತಿರುವ, ಅಧಿಕಾರ ಇರುವ ಕೈ. ಅಪ್ಪನ ಕೈ. ಮತ್ತೆ ಈ ಹುಡುಗ ಮೇಲೆ ಹತ್ತಿ ತಪ್ಪಿಸಿಕೊಳ್ಳುವುದಿಲ್ಲ. ಮುಳುಗಿಸಿದ ನೀರನ್ನೇ ತನ್ನ ಮನೆ ಮಾಡಿಕೊಳ್ಳುತ್ತಾನೆ. ಕೊನೆಗೆ ಒಡಹುಟ್ಟಿದವರೆಲ್ಲಾ ತಮ್ಮ ತಮ್ಮ ಸಂಸಾರ ಅಂತ ಹೊರಟುಹೋಗಿರುತ್ತಾರೆ. ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುವುದು ಇವನೇ. ಆಗ ಅಪ್ಪ ಒಪ್ಪಿಕೊಳ್ಳುತ್ತಾನೆ.

ನಾನು ಇದನ್ನು ಕೇಳಿ ಅತ್ತಿದ್ದೇನೆ. ನೂರು 'ನಾನು ಗೆದ್ದೆ ನೋಡಿ' ಹಾಡುಗಳಿಗಿಂತ ಇದು ದೊಡ್ಡದು.

ಹೊಳೆದಂಡೆ
ಇದೊಂದೇ ಕಾಮೆಂಟ್‌ಗಾಗಿ ಈ ಚರ್ಚೆಗೆ ಬಂದಿದ್ದು ಸಾರ್ಥಕ.

ರಾಗಿಮುದ್ದೆ
ಆದರೆ ಗ್ಲಾಕ್-9 ರ‍್ಯಾಪರ್. ಪ್ರಶ್ನೆ ಇದ್ದದ್ದು ಪಾಪ್ ಬಗ್ಗೆ.

ಮಾತಿನಮಲ್ಲಿ
ರೇಡಿಯೋದಲ್ಲಿ, ಜೀಪ್ನಿ ಅನ್ನುವ ಅಲ್ಲಿನ ಬಾಡಿಗೆ ಗಾಡಿಯಲ್ಲಿ, ವಿಡಿಯೋಕೆ ಅನ್ನುವ ಕರೋಕೆಯಲ್ಲಿ ಎಲ್ಲರೂ ಹಾಡುವ ಹಾಡು ಪಾಪ್ ಅಲ್ಲದೆ ಇನ್ನೇನು? ಅವರದೇ 2009ರ 'ಉಪುವಾನ್' ಕೂಡ ಕೇಳಿ. ಅದರಲ್ಲಿ ಒಂದು ಕುರ್ಚಿ. ಕೂತಿರುವವರೇ, ಒಮ್ಮೆ ಎದ್ದು ನಿಂತು ನಮ್ಮ ಕಡೆ ನೋಡಿ ಅನ್ನುವ ಬೇಡಿಕೆ. ಬಡವ ಇನ್ನೊಬ್ಬ ಬಡವನ ಕಾಲೆಳೆಯುವ ಮಾತೇ ಅಲ್ಲಿಲ್ಲ. ದೂರು ಪೂರ್ತಿ ಮೇಲೆ ಕೂತವರ ಮೇಲೆ.

ದುಬೈ_ದಿನಚರಿ
ನಾನು ದುಬೈನಲ್ಲಿ ಕೆಲಸ ಮಾಡುವುದು, ತಂಡದಲ್ಲಿ ಅರ್ಧ ಜನ ಫಿಲಿಪಿನೋಗಳು. ಅವರ ಬಾಯಲ್ಲಿ ಈ ಮಾತು ಕೇಳಿದಾಗ ಬೇಸರ ಆಗುತ್ತದೆ. ಒಬ್ಬರಿಗೆ ಬಡ್ತಿ ಸಿಕ್ಕಿ ಇನ್ನೊಬ್ಬರಿಗೆ ಸಿಗದಿದ್ದರೆ 'ನಮ್ಮ ಜನ ಇಷ್ಟೇ' ಅಂತ ತಾವೇ ಹೇಳಿಕೊಳ್ಳುತ್ತಾರೆ. ಇದೇ ಜನ ಯಾರದೋ ಮನೆ ಗಾಳಿಮಳೆಗೆ ಬಿದ್ದರೆ ಒಂದೇ ಸಂಜೆಯಲ್ಲಿ ದುಡ್ಡು ಒಟ್ಟು ಮಾಡಿ ಕಳಿಸುತ್ತಾರೆ. ಎರಡನೆಯದನ್ನು ಯಾರೂ 'ನಮ್ಮ ಜನ ಇಷ್ಟೇ' ಅನ್ನುವುದಿಲ್ಲ.

ಪುಸ್ತಕಪ್ರೀತಿ
@ದುಬೈ_ದಿನಚರಿ ನೀವು ಹೇಳಿದ್ದಕ್ಕೆ ಹಿನ್ನೆಲೆ ಇದೆ. ಸ್ಪೇನ್ ಅವರನ್ನು 300ಕ್ಕೂ ಹೆಚ್ಚು ವರ್ಷ ಆಳಿತು. 1898ರ ನಂತರ ಅಮೆರಿಕ ಬಂತು. ಸ್ವಾತಂತ್ರ್ಯ ಸಿಕ್ಕಿದ್ದು 1946ರಲ್ಲಿ. ಅಷ್ಟು ಕಾಲ 'ನೀವು ಸೋಮಾರಿಗಳು, ನಿಮ್ಮಲ್ಲಿ ಒಗ್ಗಟ್ಟಿಲ್ಲ' ಅಂತ ಕೇಳಿಸಿಕೊಂಡ ಜನ ಅದನ್ನೇ ತಮ್ಮ ಗುಣ ಅಂದುಕೊಳ್ಳುವುದು ಆಶ್ಚರ್ಯವಲ್ಲ.

ಅಲ್ಲಿನ ಮನಶ್ಶಾಸ್ತ್ರಜ್ಞ ವಿರ್ಜಿಲಿಯೋ ಎನ್ರಿಕೆಸ್ 1970ರ ದಶಕದಲ್ಲಿ 'ಸಿಕೋಲೊಹಿಯಾಂಗ್ ಪಿಲಿಪಿನೋ' ಅನ್ನುವ ಚಿಂತನೆ ಶುರು ಮಾಡಿದರು. ಫಿಲಿಪಿನೋ ಮನಸ್ಸನ್ನು ಪಶ್ಚಿಮದ ಅಳತೆಕೋಲಿನಿಂದ ಅಳೆಯಬೇಡಿ ಅನ್ನುವುದು ಅವರ ವಾದ. ಆ ಮನಸ್ಸಿನ ನಡುವೆ ಅವರು ಇಟ್ಟಿದ್ದು 'ಕಪ್ವಾ'ವನ್ನು, ಅಂದರೆ ನಾನು ಮತ್ತು ನೀನು ಬೇರೆ ಅಲ್ಲ ಅನ್ನುವ ಭಾವನೆಯನ್ನು. ಹೊಟ್ಟೆಕಿಚ್ಚು ಎಲ್ಲಾ ದೇಶದಲ್ಲೂ ಇದೆ. ಅದಕ್ಕೆ ಒಂದು ಜನಾಂಗದ ಹೆಸರು ಅಂಟಿಸುವುದು ತಪ್ಪು. ಈ ಬಗ್ಗೆ ನನಗೆ ಅನುಮಾನವೇ ಇಲ್ಲ.

ಬಸವನಗುಡಿ_ಬೀಟ್
ಒಪ್ಪಲ್ಲ. ಎಲ್ಲದಕ್ಕೂ ಬ್ರಿಟಿಷರು, ಸ್ಪೇನಿನವರು ಅಂದರೆ ಹೇಗೆ? 2010ರಲ್ಲಿ ಶರೀಸ್ ಅನ್ನುವ ಫಿಲಿಪಿನೋ ಗಾಯಕಿಯ ಆಲ್ಬಂ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಬಂತು. ಆ ಪಟ್ಟಿಯ ಮೊದಲ ಹತ್ತಕ್ಕೆ ಬಂದ ಮೊದಲ ಏಷ್ಯಾದ ಒಂಟಿ ಗಾಯಕಿ. ಊರೆಲ್ಲಾ ಹಬ್ಬ. ಮುಂದೆ ಅವರು ತಾವು ಹೆಣ್ಣಲ್ಲ, ಗಂಡು ಅನ್ನುವ ತಮ್ಮ ಬದುಕಿನ ಸತ್ಯ ಹೇಳಿಕೊಂಡರು, 2017ರಲ್ಲಿ ಜೇಕ್ ಸೈರಸ್ ಅಂತ ಹೆಸರು ಬದಲಿಸಿದರು. ಅದೇ ಊರಿನ ಎಷ್ಟೋ ಜನ ಅವರ ದನಿ, ದೇಹ ಎಲ್ಲವನ್ನೂ ಹಂಗಿಸಿದರು. ಅದನ್ನು ಮಾಡಿದ್ದು ಸ್ಪೇನ್ ಅಲ್ಲ.

ಮಾತಿನಮಲ್ಲಿ
@ಬಸವನಗುಡಿ_ಬೀಟ್ ಆದರೆ ಅದು ಎತ್ತರಕ್ಕೆ ಹೋದರು ಅಂತ ಬಂದ ಹೊಟ್ಟೆಕಿಚ್ಚಲ್ಲ. ಎತ್ತರಕ್ಕೆ ಹೋದಾಗ ಎಲ್ಲರೂ ಹೆಗಲ ಮೇಲೆ ಹೊತ್ತಿದ್ದರು. ತಾವು ಅಂದುಕೊಂಡ ಹಾಗೆ ಇರಲಿಲ್ಲ ಅಂತ ಕೆಳಗಿಳಿಸಿದರು. 'ಸಿರೇನಾ'ದ ಡ್ರಮ್ಮು ಇದೇ. ಇದನ್ನು ಏಡಿ ಅಂತ ಕರೆದರೆ ಅಸಲು ರೋಗದ ಹೆಸರೇ ಮುಚ್ಚಿಹೋಗುತ್ತದೆ.

ಬಸವನಗುಡಿ_ಬೀಟ್
ಸರಿ, ಈ ಒಂದು ಉದಾಹರಣೆಯ ಮಟ್ಟಿಗೆ ನಿಮ್ಮ ಮಾತು ನಿಲ್ಲುತ್ತದೆ. ಒಟ್ಟು ವಾದವನ್ನು ನಾನು ಬಿಡಲ್ಲ.

ಗ್ರಹಣಗಾಥೆ
ಚಂದ್ರನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಎಸ್‌ಬಿ19ರ ಕೆನ್ 'ಫೆಲಿಪ್' ಅನ್ನುವ ಹೆಸರಲ್ಲಿ ಒಬ್ಬರೇ ಹಾಡುತ್ತಾರೆ. 2022ರಲ್ಲಿ ಅವರ 'ಬುಲಾನ್' ಬಂತು, ಬುಲಾನ್ ಅಂದರೆ ಚಂದ್ರ. ಅದರ ಹಿಂದೆ ಬಕುನಾವಾ ಕಥೆ ಇದೆ. ಆಕಾಶದಲ್ಲಿ ಏಳು ಚಂದ್ರರು ಇದ್ದರಂತೆ. ಬಕುನಾವಾ ಅನ್ನುವ ದೊಡ್ಡ ಸರ್ಪ ಒಂದೊಂದಾಗಿ ನುಂಗಿತು. ಕೊನೆಯದನ್ನು ನುಂಗಲು ಬಂದಾಗ ಜನ ಹೊರಗೆ ಬಂದು ಪಾತ್ರೆ ಪಡಗ ಬಡಿದು ಗಲಾಟೆ ಮಾಡಿ ಓಡಿಸಿದರು.

ಯಶಸ್ಸನ್ನು ನುಂಗುವವರ ಬಗ್ಗೆ ಹಾಡಲು ಇದಕ್ಕಿಂತ ಒಳ್ಳೆ ಚಿತ್ರ ಎಲ್ಲಿದೆ? ಏಡಿ ಕೆಳಗಿನಿಂದ ಎಳೆಯುತ್ತದೆ, ಬಕುನಾವಾ ಮೇಲಿನಿಂದ ನುಂಗುತ್ತದೆ. ಚಂದ್ರನನ್ನು ಉಳಿಸಿದ್ದು ನೆಲದ ಮೇಲೆ ನಿಂತ ಸಾಮಾನ್ಯ ಜನರ ಸದ್ದು.

ಅಜ್ಜಿಮನೆ_ಹಾಸನ
ಅಯ್ಯೋ, ನಮ್ಮ ರಾಹು ಕೇತು ಕಥೆಯೇ! ನಮ್ಮಜ್ಜಿ ಗ್ರಹಣದ ದಿನ ತಟ್ಟೆಯ ನೀರಲ್ಲಿ ಒನಕೆ ನಿಲ್ಲಿಸುತ್ತಿದ್ದರು.

ಗ್ರಹಣಗಾಥೆ
ಆ ಕಡೆಯ ದ್ವೀಪಗಳಿಗೆ ನಮ್ಮ ಕಥೆಗಳು, ಪದಗಳು ಹಿಂದೆಯೇ ಹೋಗಿವೆ. ಅವರ ರಾಮಾಯಣದ ರೂಪವೂ ಇದೆ, ಮರನಾವ್ ಜನರದ್ದು. ಬೇರೆ ಎಳೆ ಶುರು ಮಾಡೋಣ, ಇಲ್ಲಿ ಬೇಡ.

ಟ್ರೆಂಡ್_ತಿಮ್ಮಿ
ಬಿನಿ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಅನ್ಯಾಯ. ಎಂಟು ಹುಡುಗಿಯರು. ಜೂನ್ 2021ರಲ್ಲಿ ಬಂದರು. 'ಪಾನ್ತ್ರೋಪಿಕೋ' ಹಾಡು 2023ರ ನವೆಂಬರ್‌ನಲ್ಲಿ ಬಂದು 2024ರಲ್ಲಿ ಹುಚ್ಚೆಬ್ಬಿಸಿತು. ಅಲ್ಲಿಯವರೆಗೆ ಕೇಳುವವರಿಲ್ಲ. ಹೆಸರು ಬಂದ ತಕ್ಷಣ ಏನು ಮಾಡಿದರೂ ತಪ್ಪು. 2025ರಲ್ಲಿ ಒಂದು ಅಮೆರಿಕದ ಯೂಟ್ಯೂಬ್ ಕಾರ್ಯಕ್ರಮದಲ್ಲಿ ಫಿಲಿಪೀನ್ಸ್ ತಿಂಡಿಗಳನ್ನು ರುಚಿ ನೋಡಿದರು. ಕೆಲವು ತಿಂಡಿ ಇಷ್ಟ ಆಗಲಿಲ್ಲ ಅಂತ ಮುಖ ಮಾಡಿದರು. ಅಷ್ಟಕ್ಕೆ ದೇಶದ್ರೋಹ ಮಾಡಿದ ಹಾಗೆ ಮುಗಿಬಿದ್ದರು. ಇದು ಏಡಿ ಬುದ್ಧಿ ಅಲ್ಲದೆ ಇನ್ನೇನು?

ದುಬೈ_ದಿನಚರಿ
@ಟ್ರೆಂಡ್_ತಿಮ್ಮಿ ಅಷ್ಟು ಸರಳ ಅಲ್ಲ. ನನ್ನ ಜೊತೆ ಕೆಲಸ ಮಾಡುವವರಿಗೆ ಬೇಜಾರಾಗಿದ್ದು ನಿಜ. ಅವರು ಬಿನಿಯನ್ನು ಕೆಳಗೆ ಎಳೆಯಬೇಕು ಅಂತಿರಲಿಲ್ಲ. ಊರು ಬಿಟ್ಟು ಬಂದವರಿಗೆ ಆ ಬೀದಿ ತಿಂಡಿ ಅಂದರೆ ಮನೆಯ ನೆನಪು. ವಿದೇಶಿ ಕ್ಯಾಮೆರಾ ಮುಂದೆ ತಮ್ಮವರೇ ಮೂಗು ಮುರಿದರೆ ನೋವಾಗುತ್ತದೆ. ಆ ನೋವು ಹೇಳಿದರೆ 'ನೀನು ಏಡಿ' ಅಂತ ಬಾಯಿ ಮುಚ್ಚಿಸುವುದು ಸರಿಯಾ? ಈ ಮಾತಿನ ದೊಡ್ಡ ಅಪಾಯ ಇದೇ. ಯಾವ ಟೀಕೆಯನ್ನೂ ಕೇಳಿಸಿಕೊಳ್ಳದೆ ತಳ್ಳಿಹಾಕಬಹುದು.

ಟ್ರೆಂಡ್_ತಿಮ್ಮಿ
ನೋವು ಹೇಳುವುದು ಬೇರೆ, ಇಪ್ಪತ್ತರ ಆಸುಪಾಸಿನ ಹುಡುಗಿಯರಿಗೆ ದಿನಗಟ್ಟಲೆ ಬೈಯುವುದು ಬೇರೆ. ಎರಡನೆಯದನ್ನೇ ನಾನು ಹೇಳಿದ್ದು.

ಪುಸ್ತಕಪ್ರೀತಿ
ಇಬ್ಬರ ಮಾತಲ್ಲೂ ಹುರುಳಿದೆ. ಅಳತೆ ಮೀರಿದಾಗ ಟೀಕೆ ಹಿಂಸೆಯಾಗುತ್ತದೆ. ಆಗಲೂ ಅದನ್ನು ಹಿಂಸೆ ಅಂತಲೇ ಕರೆಯೋಣ.

ಹಳೇರೇಡಿಯೋ
ನಕಲು ಅನ್ನುವ ಆರೋಪ ಹೊಸದೇನಲ್ಲ. 1978ರ ಮೊದಲ ಮೆಟ್ರೋ ಮನಿಲಾ ಸಂಗೀತ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಹೆಬರ್ ಬಾರ್ತೊಲೊಮೆ ಅವರ 'ತಾಯೋಯ್ ಮ್ಗಾ ಪಿನೊಯ್' ('ನಾವು ಫಿಲಿಪಿನೋಗಳು') ಇತ್ತು. ನಮ್ಮದೇ ಇರುವಾಗ ಅಮೆರಿಕದವರ ನಕಲು ಯಾಕೆ, ಚಪ್ಪಟೆ ಮೂಗಿಗೆ ನಾಚಿಕೆ ಯಾಕೆ ಅಂತ ಆ ಹಾಡು ಕೇಳಿತು. ಗೆದ್ದಿದ್ದು ರಯನ್ ಕಯಬ್ಯಾಬ್ ಅವರ ಹಾಡು, ಆದರೆ ಇದು ಬೀದಿಗೆ ಇಳಿಯಿತು.

ಒಂದು ವ್ಯತ್ಯಾಸ ಗಮನಿಸಿ. ಬಾರ್ತೊಲೊಮೆ ತನ್ನನ್ನೂ ಸೇರಿಸಿಕೊಂಡು 'ನಾವು' ಅಂತ ಕೇಳಿದರು. ಎಸ್‌ಬಿ19ಗೆ 'ನಕಲು' ಅಂದವರು 'ಅವರು' ಅಂತ ಬೆರಳು ತೋರಿಸಿದರು. ಮೊದಲನೆಯದು ಸ್ವವಿಮರ್ಶೆ, ಎರಡನೆಯದು ಹಂಗಿಸುವುದು.

ಕಡಲಕೇಳುಗ
@ಹಳೇರೇಡಿಯೋ ಇದನ್ನು ಅಲಾಮತ್‌ಗೆ ಜೋಡಿಸಬಹುದು ಅನಿಸುತ್ತದೆ. ಅವರು ಕೊರಿಯಾದ ಗುಂಪುಗಳ ಕುಣಿತದ ಅಚ್ಚನ್ನೇ ಇಟ್ಟುಕೊಂಡರು. ಆದರೆ ಹಾಡುವುದು ಇಲೊಕಾನೋ, ಕಪಂಪಾಂಗನ್, ಬಿಸಾಯಾ, ಬಿಕೋಲ್, ವಾರಾಯ್ ಹೀಗೆ ಹಲವು ಭಾಷೆಯಲ್ಲಿ. 2021ರ 'ಕಸ್ಮಲಾ' ವರ್ಣಭೇದದ ವಿರುದ್ಧ ಎದ್ದ ಹಾಡು. ಕಂದು ಮೈಬಣ್ಣದ ಹೆಮ್ಮೆಯನ್ನು ಅಷ್ಟು ಬಿರುಸಾಗಿ ಹೇಳಿದ ವಿಡಿಯೋ ನಾನು ಬೇರೆ ನೋಡಿಲ್ಲ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೇಳಕ್ಕೆ ಫಿಲಿಪೀನ್ಸ್‌ನ ಬೆಟ್ಟಗಳ ಇಗೊರೊಟ್ ಜನರನ್ನು ಕರೆದೊಯ್ದು ಪ್ರದರ್ಶನಕ್ಕೆ ಇಟ್ಟಿದ್ದರು. ಟಿಕೆಟ್ ಕೊಂಡು ಜನ ನೋಡಿದರು. ಈ ಚರಿತ್ರೆ ತಿಳಿದು 'ಕಸ್ಮಲಾ' ಕೇಳಿದರೆ ಸಿಟ್ಟು ಎಲ್ಲಿಂದ ಬಂತು ಅಂತ ಅರ್ಥವಾಗುತ್ತದೆ.

ರಾಗಿಮುದ್ದೆ
ಹಾಗಾದರೆ ನಿಮ್ಮೆಲ್ಲರ ವಾದ ಏನು, ಏಡಿ ಬುದ್ಧಿ ಅನ್ನುವುದೇ ಇಲ್ಲವಾ? ಅಭಿಮಾನಿಗಳ ಜಗಳ ನೋಡಿ. ಎಸ್‌ಬಿ19ರ ಕಡೆಯವರು 'ಆತಿನ್', ಬಿನಿ ಕಡೆಯವರು 'ಬ್ಲೂಮ್'. ಇವರ ವ್ಯೂ ಎಷ್ಟು, ಅವರ ಟಿಕೆಟ್ ಎಷ್ಟು ಅಂತ ದಿನಾ ಕಚ್ಚಾಟ. ನಮ್ಮಲ್ಲಿ ಸ್ಟಾರ್ ಅಭಿಮಾನಿಗಳು ಮಾಡುವುದೂ ಇದೇ. ಒಬ್ಬರ ಸಿನಿಮಾ ಬಿದ್ದರೆ ಇನ್ನೊಬ್ಬರ ಕಡೆಯವರಿಗೆ ಸಂಭ್ರಮ.

ಮೀನುಮಾರ್ಕೆಟ್_ಮಂಗಳೂರು
ಇದೆ ಮಾರಾಯ್ರೆ, ಇಲ್ಲ ಅಂತ ಯಾರಂದರು? ಜಾಗ ಕಡಿಮೆ ಇದ್ದಾಗ ಜಾಸ್ತಿಯಾಗುತ್ತದೆ ಅಂತ ಅಷ್ಟೇ. ಪ್ರಶಸ್ತಿ ಒಂದೇ, ಟಿವಿ ಸಮಯ ಸ್ವಲ್ಪವೇ, ಪ್ರಾಯೋಜಕರು ನಾಲ್ಕೇ ಜನ. ಆಗ ಪಕ್ಕದವನು ಶತ್ರು ಥರ ಕಾಣುತ್ತಾನೆ.

ದಾವಾವ್_ಡೈರಿ
ಅಭಿಮಾನಿಗಳು ಜಗಳ ಆಡುತ್ತಾರೆ, ಆದರೆ ಕಲಾವಿದರು ಹಾಗಿಲ್ಲ. ಎಸ್‌ಬಿ19ರ 'ಮಾಪಾ' ಅಪ್ಪ ಅಮ್ಮನಿಗೆ ಬರೆದ ಹಾಡು. 2021ರಲ್ಲಿ ಬೆನ್ ಅಂಡ್ ಬೆನ್ ತಂಡ ಸೇರಿಕೊಂಡು ಅದರ ಬ್ಯಾಂಡ್ ರೂಪ ಮಾಡಿತು. ಆಮೇಲೆ ಬೆನ್ ಅಂಡ್ ಬೆನ್ ಹಾಡು 'ಕಪಂಗ್ಯಾರಿಹಾನ್'ನಲ್ಲಿ ಇವರು ಹಾಡಿದರು. ಏಪ್ರಿಲ್ 2022ರಲ್ಲಿ ಅರನೇಟಾ ಕೊಲಿಸಿಯಂನಲ್ಲಿ ಫಿಲಿಪೀನ್ಸ್ ಪಾಪ್ ಗುಂಪುಗಳ ಮೊದಲ ಸಮಾವೇಶ 'ಪಿಪಾಪ್‌ಕಾನ್' ನಡೆಯಿತು. ಪೈಪೋಟಿಯಲ್ಲಿರುವ ಗುಂಪುಗಳೆಲ್ಲಾ ಒಂದೇ ವೇದಿಕೆ ಹತ್ತಿದವು. ನೀವು ಹುಡುಕುತ್ತಿರುವ ಸಂಕೇತ ವಿಡಿಯೋದ ಒಳಗೇ ಇರಬೇಕು ಅಂತೇನಿಲ್ಲ. ಯಾರ ಹಾಡಿನಲ್ಲಿ ಯಾರು ನಿಂತಿದ್ದಾರೆ ನೋಡಿ.

ಬಸವನಗುಡಿ_ಬೀಟ್
ಅದು ಮಾರ್ಕೆಟಿಂಗ್ ಕೂಡ ಹೌದು. ಇಬ್ಬರ ಅಭಿಮಾನಿಗಳೂ ಕೇಳುತ್ತಾರೆ.

ದಾವಾವ್_ಡೈರಿ
ಇರಲಿ ಬಿಡಿ. ಇಬ್ಬರೂ ಬೆಳೆದರು ತಾನೇ?

ಹೊಳೆದಂಡೆ
ನನಗೆ ಇಷ್ಟವಾದ ಸಂಕೇತ ಎಸ್‌ಬಿ19ರ 2023ರ ಹಾಡು 'ಗೆಂತೋ'ದ ಚಿನ್ನ. ಅದು ನೆಲದ ಮೇಲೆ ಬಿದ್ದಿರುವುದಿಲ್ಲ, ಅಗೆದು ತೆಗೆಯಬೇಕು. ಅಂದರೆ ಗೆಲ್ಲಲು ಮೇಲೆ ಹತ್ತಲೇಬೇಕು ಅಂತಿಲ್ಲ, ಕೆಳಕ್ಕೂ ಇಳಿಯಬಹುದು.

ಮಾತಿನಮಲ್ಲಿ
@ಹೊಳೆದಂಡೆ ಚಿನ್ನದ ಹೆಸರಲ್ಲಿ ಆ ದ್ವೀಪಗಳನ್ನು ಎಷ್ಟು ಜನ ಅಗೆದರು ಅನ್ನುವುದನ್ನೂ ಸೇರಿಸಿ. ಬೆಂಗೆಟ್ ಬೆಟ್ಟಗಳಲ್ಲಿ ಇಗೊರೊಟ್ ಜನ ಶತಮಾನಗಳ ಕಾಲ ಚಿನ್ನ ತೆಗೆಯುತ್ತಿದ್ದರು. ಅಮೆರಿಕನ್ನರ ಕಾಲದಲ್ಲಿ ಅಲ್ಲಿಗೆ ಕಂಪನಿ ಗಣಿಗಳು ಬಂದವು. ಹಾಡು ಅಷ್ಟು ದೂರ ಹೋಗುವುದಿಲ್ಲ. ಹೋಗಿದ್ದರೆ ಚೆನ್ನಾಗಿತ್ತು.

ಹೊಳೆದಂಡೆ
ಮೂರು ನಿಮಿಷದ ಕುಣಿತದ ಹಾಡಿನ ಮೇಲೆ ಅಷ್ಟು ಹೊರೆ ಹೇರಬೇಡಿ.

ಮಾತಿನಮಲ್ಲಿ
'ಸಿರೇನಾ' ಹೊತ್ತಿತಲ್ಲ. ಇವರೂ ಹೊರಬಲ್ಲರು ಅನ್ನುವ ನಂಬಿಕೆಯಿಂದಲೇ ಕೇಳುತ್ತಿದ್ದೇನೆ.

ಅಜ್ಜಿಮನೆ_ಹಾಸನ
ನಾನು ಇವುಗಳಲ್ಲಿ ಒಂದನ್ನೂ ನೋಡಿಲ್ಲ. ಎಲ್ಲಿಂದ ಶುರು ಮಾಡಲಿ? ಭಾಷೆ ಬರಲ್ಲ.

ದಾವಾವ್_ಡೈರಿ
@ಅಜ್ಜಿಮನೆ_ಹಾಸನ ಮೊದಲು 'ಮಾಪಾ', ಅಮ್ಮನ ಜೊತೆ ಕೂತು ನೋಡಿ. ಆಮೇಲೆ 'ಸಿರೇನಾ', ಅದನ್ನು ಮಾತಿನ ಅರ್ಥ ಪಕ್ಕದಲ್ಲಿಟ್ಟುಕೊಂಡು ಕೇಳಬೇಕು, ಇಲ್ಲದಿದ್ದರೆ ಅರ್ಧ ತಪ್ಪಿಹೋಗುತ್ತದೆ. 'ಬಜಿಂಗಾ' ಕೊನೆಗೆ ಇರಲಿ.

ಟ್ರೆಂಡ್_ತಿಮ್ಮಿ
ಮತ್ತೆ ಬಿನಿಯನ್ನು ಬಿಟ್ಟಿರಿ! 'ಸಲಾಮಿನ್, ಸಲಾಮಿನ್' ಸೇರಿಸಿಕೊಳ್ಳಿ ಅಜ್ಜಿಮನೆಯವರೇ. ಮನಸ್ಸು ಹಗುರ ಆಗುತ್ತದೆ.